ರೋಮನ್ ಇತಿಹಾಸ ಓದಿ ಬದುಕಬೇಕೆ? ಮೊದಲು ಒಂದು ಮಡಕೆ ಚೂರು ಕೈಗೆ ತಗೊಳ್ಳಿ

"ರೋಮ್ ಬಗ್ಗೆ ಸಂಶೋಧನೆ ಮಾಡಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ರೋಮ್‌ನ ಯಾವುದು? ಒಬ್ಬರು ಸೀಸರ್ ಅಂತಾರೆ, ಇನ್ನೊಬ್ಬರು ಗ್ಲಾಡಿಯೇಟರ್ ಅಂತಾರೆ, ಮತ್ತೊಬ್ಬರಿಗೆ ಸಾಮ್ರಾಜ್ಯ ಯಾಕೆ ಬಿತ್ತು ಅಂತ ತಿಳಿಯಬೇಕು. ತಪ್ಪೇನಿಲ್ಲ, ನಾವೆಲ್ಲ ಆ ಬಾಗಿಲಿನಿಂದಲೇ ಒಳಗೆ ಬಂದವರು. ಆದರೆ ಸುಮ್ನೆ "ರೋಮ್ ಗೊತ್ತು" ಅಂದವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಮಡಕೆಯ ಬಾಯಿಯಂಚಿನ ಚೂರು ನೋಡಿ ಇದು ಯಾವ ಕಾಲದ್ದು, ಎಲ್ಲಿಯದು ಅಂತ ಹೇಳಬಲ್ಲವರನ್ನು ಕರೆಯುತ್ತಾರೆ. ಅರ್ಧ ಸವೆದ ಕಲ್ಲಿನ ಮೇಲಿನ ಅಕ್ಷರ ಓದಬಲ್ಲವರನ್ನು, ಸುಟ್ಟ ಕಾಳು ನೋಡಿ ಗೋಧಿಯೋ ಬಾರ್ಲಿಯೋ ಅಂತ ಗುರುತಿಸಬಲ್ಲವರನ್ನು ಕರೆಯುತ್ತಾರೆ. ದೊಡ್ಡ ಪ್ರಶ್ನೆ ನಿಮ್ಮ ತಲೆಯಲ್ಲಿರಲಿ. ಅನ್ನ ಹಾಕುವುದು ಕೈಯಲ್ಲಿರುವ ಚೂರು.

ಮೊದಲು ಕೆಟ್ಟ ಸುದ್ದಿ

ಇದನ್ನು ಕೊನೆಗೆ ಹೇಳುವುದು ಮೋಸ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆಗಳು ತುಂಬಾ ಕಡಿಮೆ, ಪಿಎಚ್‌ಡಿ ಮುಗಿಸಿದವರು ಜಾಸ್ತಿ. ಪಿಎಚ್‌ಡಿ ಆದ ಮೇಲೆ ಒಂದು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ಅಂತ ತಾತ್ಕಾಲಿಕ ಕೆಲಸ ಮಾಡುತ್ತಾ, ದೇಶ ಬದಲಾಯಿಸುತ್ತಾ, ಪುಸ್ತಕದ ಪೆಟ್ಟಿಗೆಗಳನ್ನು ಹೊತ್ತು ತಿರುಗುತ್ತಾ ಮೂವತ್ತೈದು ದಾಟುವವರೇ ಹೆಚ್ಚು. ವಿಭಾಗಗಳು ಮುಚ್ಚುವುದೂ ಉಂಟು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ 2021ರಲ್ಲಿ ತನ್ನ ಪುರಾತತ್ವ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಹೆಸರುವಾಸಿ ವಿಭಾಗಕ್ಕೇ ಆ ಗತಿ ಬಂದ ಮೇಲೆ ಬೇರೆಯವರ ಮಾತೇನು?

ಹಾಗಂತ ಪ್ರಾಧ್ಯಾಪಕರ ಕುರ್ಚಿಯೊಂದೇ ಜಾಗ ಅಂತ ತಿಳಿಯಬೇಡಿ. ಬ್ರಿಟನ್‌ನಲ್ಲಿ ಕಟ್ಟಡ ಕಟ್ಟುವವರು, ಪ್ಲಾನಿಂಗ್ ಇಲಾಖೆ ಹೇಳಿದರೆ, ತಮ್ಮ ಖರ್ಚಿನಲ್ಲೇ ಮೊದಲು ಆ ನೆಲವನ್ನು ಪುರಾತತ್ವದವರಿಂದ ಅಗೆಸಬೇಕು. ಲಂಡನ್‌ನಲ್ಲಿ ಬ್ಲೂಮ್‌ಬರ್ಗ್ ಕಂಪನಿಯ ಕಟ್ಟಡ ಎದ್ದ ಜಾಗವನ್ನು 2010ರಿಂದ 2014ರವರೆಗೆ ಹಾಗೆ ಅಗೆದಾಗ 405 ಮರದ ಬರಹದ ಹಲಗೆಗಳು ಸಿಕ್ಕವು. ಅಕ್ಷರ ಗೀಚಲೆಂದು ಹಲಗೆಯ ಮೇಲೆ ಬಳಿದಿದ್ದ ಮೇಣ ಯಾವತ್ತೋ ಹೋಗಿತ್ತು. ಮೇಣ ದಾಟಿ ಮರಕ್ಕೆ ತಾಗಿದ ಗೀರುಗಳು ಮಾತ್ರ ಉಳಿದಿದ್ದವು. ಅವುಗಳಲ್ಲಿ ಒಂದು ಸಾಲಪತ್ರ. ತಿಬುಲ್ಲುಸ್ ಎಂಬ ಬಿಡುಗಡೆ ಪಡೆದ ಗುಲಾಮ, ಗ್ರಾತುಸ್ ಎಂಬ ಇನ್ನೊಬ್ಬ ಬಿಡುಗಡೆ ಪಡೆದ ಗುಲಾಮನಿಗೆ 105 ದಿನಾರಿಯುಸ್ (ರೋಮನ್ನರ ಬೆಳ್ಳಿ ನಾಣ್ಯ) ಕೊಡಬೇಕು ಅಂತ ಬರೆದುಕೊಟ್ಟದ್ದು, ತಾರೀಕು ಕ್ರಿ.ಶ. 57, ಜನವರಿ 8. ಇದನ್ನು ನೆಲದಿಂದ ಎತ್ತಿದವರು ತರಗತಿಯಲ್ಲಿ ಪಾಠ ಮಾಡುವವರಲ್ಲ, ಹಳದಿ ಹೆಲ್ಮೆಟ್ ಹಾಕಿಕೊಂಡು ಮಳೆಯಲ್ಲಿ ನಿಂತು ದಿನಗೂಲಿಯಂತೆ ದುಡಿಯುವ ಪುರಾತತ್ವದವರು. ಮ್ಯೂಸಿಯಂ ಇದೆ, ಪ್ರಕಾಶನ ಇದೆ, ಶಾಲೆಯಲ್ಲಿ ಲ್ಯಾಟಿನ್ ಕಲಿಸುವ ಕೆಲಸ ಇದೆ. ಒಂದು ವಸ್ತುವಿನ ಮೇಲೆ ಹಿಡಿತ ಇದ್ದವರಿಗೆ ಈ ಬಾಗಿಲುಗಳೂ ತೆರೆಯುತ್ತವೆ, ಬರೀ ಸಿದ್ಧಾಂತ ಓದಿದವರಿಗೆ ಕಷ್ಟ.

ಲ್ಯಾಟಿನ್, ಇವತ್ತಿನಿಂದಲೇ

ಭಾಷೆಯನ್ನು ಆಮೇಲೆ ನೋಡಿಕೊಳ್ಳೋಣ ಅಂದವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಪುರಾತತ್ವದ ಕಡೆ ಹೋಗುವವರಿಗೂ ಲ್ಯಾಟಿನ್ ಬೇಕು. ಸಾಮ್ರಾಜ್ಯದ ಪೂರ್ವಾರ್ಧದಲ್ಲಿ ಜನ ಆಡುತ್ತಿದ್ದದ್ದು, ಬರೆಯುತ್ತಿದ್ದದ್ದು ಹೆಚ್ಚಾಗಿ ಗ್ರೀಕ್, ಹಾಗಾಗಿ ಅದೂ ಬೇಕು. ಹಾಗಂತ ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ವರ್ಷ ಲ್ಯಾಟಿನ್ ಗಟ್ಟಿ ಮಾಡಿಕೊಂಡು ಆಮೇಲೆ ಗ್ರೀಕ್ ಶುರು ಮಾಡಿ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಯಾರೂ ಹೇಳುವುದಿಲ್ಲ. ಇಂಗ್ಲಿಷ್ ಮಾತ್ರ ಬಲ್ಲ ವಿದ್ಯಾರ್ಥಿಗೆ ಲ್ಯಾಟಿನ್‌ನ ವಿಭಕ್ತಿ ಅಂದರೆ ತಲೆನೋವು. ನಮಗೆ ಅದು ಊಟದಷ್ಟೇ ಸಹಜ. "ಮಾರ್ಕುಸ್ ಪುಯೆಲ್ಲಾಮ್ ವಿದೆತ್" ಅಂದರೆ ಪದಕ್ಕೆ ಪದ "ಮಾರ್ಕುಸ್ ಹುಡುಗಿಯನ್ನು ನೋಡುತ್ತಾನೆ". ಹುಡುಗಿಗೆ ಹತ್ತಿಕೊಂಡ "ಅನ್ನು" ಅಲ್ಲಿ "ಆಮ್" ಆಗಿದೆ, ಕ್ರಿಯಾಪದ ನಮ್ಮ ಹಾಗೆಯೇ ಕೊನೆಗೆ ಬಂದಿದೆ. ಆದ್ದರಿಂದ ಇಂಗ್ಲಿಷ್ ಪಠ್ಯಪುಸ್ತಕ ಓದಿದರೂ ವಾಕ್ಯವನ್ನು ಕನ್ನಡಕ್ಕೇ ಬಿಡಿಸಿಕೊಳ್ಳಿ. ನಾನು ಇದನ್ನು ಒಂದು ವರ್ಷ ತಡವಾಗಿ ಕಂಡುಕೊಂಡೆ, ಅಲ್ಲಿಯವರೆಗೆ ಲ್ಯಾಟಿನ್‌ನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ತಲೆಯೊಳಗೆ ಅಂತ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ.

ದಿನಕ್ಕೆ ನಲವತ್ತು ನಿಮಿಷ ಸಾಕು, ಆದರೆ ದಿನಾ. ಭಾನುವಾರ ಒಂದೇ ದಿನ ಐದು ಗಂಟೆ ಕೂತರೆ ಏನೂ ನಿಲ್ಲುವುದಿಲ್ಲ. ಹಣ ಮತ್ತು ಬಿಡುವು ಇದ್ದರೆ ಬೇಸಿಗೆಯ ತೀವ್ರ ಕೋರ್ಸುಗಳಿವೆ, ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯ ಲ್ಯಾಟಿನ್-ಗ್ರೀಕ್ ಇನ್‌ಸ್ಟಿಟ್ಯೂಟ್ ಅದಕ್ಕೇ ಹೆಸರಾದದ್ದು. ಅದು ಮುಗಿದಾಗ ನಿಮಗೆ ಕನಸೂ ವಿಭಕ್ತಿಯಲ್ಲೇ ಬೀಳುತ್ತದೆ.

ಇನ್ನು ಇವತ್ತಿನ ಭಾಷೆಗಳು. ಜರ್ಮನ್, ಇಟಾಲಿಯನ್, ಫ್ರೆಂಚ್ ಮೂರನ್ನೂ ಓದಿ ಅರ್ಥ ಮಾಡಿಕೊಳ್ಳುವಷ್ಟು ಬೇಕು. ಯಾಕೆ ಅಂತ ಒಂದು ಉದಾಹರಣೆ: ಲ್ಯಾಟಿನ್ ಶಾಸನಗಳನ್ನೆಲ್ಲ ಒಟ್ಟು ಮಾಡುವ ಮಹಾಯೋಜನೆಯನ್ನು ಬರ್ಲಿನ್‌ನಲ್ಲಿ 1853ರಲ್ಲಿ ಥಿಯೋಡೋರ್ ಮೊಮ್ಸೆನ್ ಶುರು ಮಾಡಿದರು, ಅದು ಇನ್ನೂ ನಡೆಯುತ್ತಲೇ ಇದೆ. ಇದೇ ಮೊಮ್ಸೆನ್‌ಗೆ 1902ರಲ್ಲಿ ಸಾಹಿತ್ಯದ ನೊಬೆಲ್ ಬಂತು, ಇತಿಹಾಸ ಬರೆದದ್ದಕ್ಕೆ! ಆ ಸಂಪುಟಗಳಲ್ಲಿ ಶಾಸನದ ಜೊತೆಗಿರುವ ಟಿಪ್ಪಣಿಯೂ ಲ್ಯಾಟಿನ್‌ನಲ್ಲೇ. ಅದರ ಮೇಲಿನ ಚರ್ಚೆ ಜರ್ಮನ್‌ನಲ್ಲಿ, ಅಗೆತದ ವರದಿ ಇಟಾಲಿಯನ್‌ನಲ್ಲಿ. ಇಂಗ್ಲಿಷಿನಲ್ಲಿ ಬರುವವರೆಗೆ ಕಾಯುತ್ತೇನೆ ಅಂದರೆ ಕಾಯುತ್ತಲೇ ಇರಿ.

ಒಂದು ಕಲ್ಲು ಓದುವುದು ಅಂದರೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಸೌತ್ ಶೀಲ್ಡ್ಸ್ ಅಂತ ಊರಿದೆ, ರೋಮನ್ನರ ಕಾಲದಲ್ಲಿ ಅಲ್ಲೊಂದು ಕೋಟೆ ಇತ್ತು. 1878ರಲ್ಲಿ ಅಲ್ಲಿ ಒಂದು ಸಮಾಧಿಕಲ್ಲು ಸಿಕ್ಕಿತು. ಬೆತ್ತದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ, ಒಂದು ಪಕ್ಕದಲ್ಲಿ ಒಡವೆ ಪೆಟ್ಟಿಗೆ, ಇನ್ನೊಂದು ಪಕ್ಕದಲ್ಲಿ ಉಣ್ಣೆ ಉಂಡೆಗಳ ಬುಟ್ಟಿ, ಮಡಿಲಲ್ಲಿ ನೂಲುವ ಕದಿರು. ಮುಖ ಮಾತ್ರ ಒಡೆದುಹೋಗಿದೆ. ಕೆಳಗಿನ ಲ್ಯಾಟಿನ್ ಬರಹ ಹೇಳುವುದಿಷ್ಟು: ಇವಳು ರೆಗೀನಾ, ಮೂವತ್ತು ವರ್ಷ, ಕತುವೆಲ್ಲೌನಿ ಕುಲದವಳು, ಅಂದರೆ ದಕ್ಷಿಣ ಬ್ರಿಟನ್‌ನವಳು. ಕಲ್ಲು ಹಾಕಿಸಿದವನು ಪಾಲ್ಮೈರಾದ ಬರಾತೆಸ್. ಅವಳು ಮೊದಲು ಅವನ ಗುಲಾಮಳು, ಅವನೇ ಬಿಡುಗಡೆ ಮಾಡಿ ಮದುವೆಯಾದ. ಪಾಲ್ಮೈರಾ ಇರುವುದು ಸಿರಿಯಾದಲ್ಲಿ!

ಈಗ ವಿಭಕ್ತಿ ಕಡೆ ನೋಡಿ. "ರೆಗೀನಾಳಿಗೆ, ಹೆಂಡತಿಗೆ" ಅಂತ ಚತುರ್ಥಿ ಇರಬೇಕಾದ ಕಡೆ ಕೆತ್ತಿದವನು ಬೇರೆಯೇ ವಿಭಕ್ತಿ ಹಾಕಿದ್ದಾನೆ. ಲ್ಯಾಟಿನ್ ಸರಿಯಾಗಿ ಬರುತ್ತಿರಲಿಲ್ಲ ಅಂತ ಕಾಣುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿದೆ, ಪಾಲ್ಮೈರಾದ ಅರಮಾಯಿಕ್ ಲಿಪಿಯಲ್ಲಿ, ಸರಾಗವಾಗಿ ಕೆತ್ತಿದ್ದು: "ರೆಗೀನಾ, ಬರಾತೆಸ್ ಬಿಡುಗಡೆ ಮಾಡಿದವಳು, ಅಯ್ಯೋ." ಲ್ಯಾಟಿನ್‌ನಲ್ಲಿ ಊರು, ಕುಲ, ವಯಸ್ಸು ಎಲ್ಲ ಇದೆ. ಆ "ಅಯ್ಯೋ" ಇರುವುದು ಅವನ ಸ್ವಂತ ಭಾಷೆಯಲ್ಲಿ ಮಾತ್ರ. ವ್ಯಾಕರಣ ಗೊತ್ತಿಲ್ಲದವರಿಗೆ ಇದು ಇನ್ನೊಂದು ಸಮಾಧಿಕಲ್ಲು, ಅಷ್ಟೇ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅಲ್ಲಿಂದ ಒಳನಾಡಿಗೆ ಕಾರ್ಬ್ರಿಡ್ಜ್ ಎಂಬಲ್ಲಿ 68 ವರ್ಷಕ್ಕೆ ಸತ್ತ ಪಾಲ್ಮೈರಾದವನೊಬ್ಬನ ಕಲ್ಲು ಸಿಕ್ಕಿದೆ. ಶಾಸನಗಳನ್ನು ಅಚ್ಚು ಹಾಕಿದ ಪುಸ್ತಕದಲ್ಲಿ ನೋಡಿದರೆ ಅವನ ಹೆಸರಿನ ಮೊದಲ ಅಕ್ಷರ "ಬ" ಚೌಕ ಆವರಣದೊಳಗೆ ಇದೆ. 1931ರಲ್ಲಿ ಲೈಡನ್‌ನಲ್ಲಿ ವಿದ್ವಾಂಸರು ಒಪ್ಪಿಕೊಂಡ ಗುರುತುಗಳ ಪ್ರಕಾರ ಚೌಕ ಆವರಣ ಅಂದರೆ ಆ ಅಕ್ಷರ ಕಲ್ಲಿನ ಮೇಲೆ ಈಗ ಇಲ್ಲ, ಸಂಪಾದಕರು ತುಂಬಿದ್ದು. ದುಂಡು ಆವರಣ ಅಂದರೆ ಕೆತ್ತಿದವನೇ ಚಿಕ್ಕದು ಮಾಡಿದ್ದನ್ನು ಬಿಡಿಸಿ ಬರೆದದ್ದು. ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ಓದು ಅನುಮಾನ. ಅಂದರೆ ಇವನೇ ರೆಗೀನಾಳ ಗಂಡನೋ ಅಲ್ಲವೋ ಎಂಬ ವಾದದಲ್ಲಿ ಯಾರೋ ಊಹಿಸಿ ಬರೆದ ಅಕ್ಷರಕ್ಕೂ ಪಾಲಿದೆ. ಆವರಣ ನೋಡದೆ ಓದಿದವರು ಊಹೆಯನ್ನೇ ಸಾಕ್ಷಿ ಅಂದುಕೊಂಡು ಲೇಖನ ಬರೆದುಬಿಡುತ್ತಾರೆ. ಈ ಗುರುತುಗಳನ್ನು ಮೊದಲ ತಿಂಗಳೇ ಬಾಯಿಪಾಠ ಮಾಡಿ.

ನಿಮ್ಮ ಚೂರು ಯಾವುದು?

ಶಾಸನ ಬೇಡ ಅನಿಸಿದರೆ ಮಡಕೆ ಇದೆ. ನನ್ನ ಅಭಿಪ್ರಾಯದಲ್ಲಿ ಕೆಲಸ ಸಿಗುವ ದೃಷ್ಟಿಯಿಂದ ಮಡಕೆಯೇ ಮೇಲು, ಯಾಕೆಂದರೆ ಎಲ್ಲಿ ಅಗೆದರೂ ಬುಟ್ಟಿಗಟ್ಟಲೆ ಬರುವುದು ಅದೇ, ಕೂತು ನೋಡುವ ತಾಳ್ಮೆ ಇರುವವರು ಕಡಿಮೆ. ರೋಮ್ ನಗರದಲ್ಲಿ ಮೊಂತೆ ತೆಸ್ತಾಚ್ಚೊ ಎಂಬ ಗುಡ್ಡವಿದೆ, ಸುಮಾರು 35 ಮೀಟರ್ ಎತ್ತರ. ಅದು ಮಣ್ಣಿನ ಗುಡ್ಡವಲ್ಲ, ಒಡೆದ ಎಣ್ಣೆ ಜಾಡಿಗಳ ತಿಪ್ಪೆ. ಐದು ಕೋಟಿಗೂ ಮಿಕ್ಕಿ ಜಾಡಿಗಳಿರಬಹುದು ಅಂತ ಒಂದು ಅಂದಾಜು. ಹೆಚ್ಚಿನವು ದಕ್ಷಿಣ ಸ್ಪೇನಿನಿಂದ ಆಲಿವ್ ಎಣ್ಣೆ ತುಂಬಿಕೊಂಡು ಬಂದವು. ದುಂಡು ಹೊಟ್ಟೆ, ಗಿಡ್ಡ ಹಿಡಿಕೆ, ಖಾಲಿ ಜಾಡಿಯೇ ಸುಮಾರು 30 ಕಿಲೋ, ಒಳಗೆ 70 ಕಿಲೋ ಎಣ್ಣೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೈನ್ರಿಕ್ ಡ್ರೆಸೆಲ್ ಎಂಬವರು ಜಾಡಿಗಳ ಆಕಾರಗಳಿಗೆ ನಂಬರ್ ಕೊಟ್ಟರು. ಈ ಎಣ್ಣೆ ಜಾಡಿ ಡ್ರೆಸೆಲ್ 20. ಇವತ್ತಿಗೂ ಅದೇ ನಂಬರ್. ಹಿಡಿಕೆಯ ಮೇಲೆ ಮುದ್ರೆ ಇರುತ್ತದೆ, ಮೈಮೇಲೆ ಮಸಿಯಲ್ಲಿ ತೂಕ, ವ್ಯಾಪಾರಿಯ ಹೆಸರು, ಸುಂಕದವರ ಲೆಕ್ಕ. ಇಂಥ ಒಂದು ಹಿಡಿಕೆಯ ಚೂರು ಬ್ರಿಟನ್‌ನ ಗಡಿ ಕೋಟೆಯಲ್ಲಿ ಸಿಕ್ಕರೆ, ಸೈನಿಕರ ಅಡುಗೆಗೆ ಎಣ್ಣೆ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗೆ ನಿಮ್ಮ ಕೈಯಲ್ಲೇ ಉತ್ತರ.

ನಾಣ್ಯ, ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ), ಎಲುಬು, ಬೀಜ, ಸುಣ್ಣಗಾರೆ, ಏನು ಬೇಕಾದರೂ ಆರಿಸಿಕೊಳ್ಳಿ. ನಾಣ್ಯದವರಿಗೆ ಒಂದು ಎಚ್ಚರಿಕೆ: ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ, ಮಾರಾಟಗಾರರ ಕೈಯಿಂದ ಬಂದ ವಸ್ತುವಿನ ಮೇಲೆ ಪ್ರಬಂಧ ಕಟ್ಟಬೇಡಿ. ಕಳ್ಳ ಅಗೆತಕ್ಕೆ ಬೆಲೆ ತಂದುಕೊಟ್ಟ ಹಾಗಾಗುತ್ತದೆ, ಒಳ್ಳೆಯ ಪತ್ರಿಕೆಗಳು ಹಾಕುವುದೂ ಇಲ್ಲ.

ಇನ್ನೊಂದು ಮಾತು. ನೀವು ಭಾರತದವರು ಅಂತ ಗೊತ್ತಾದ ತಕ್ಷಣ ಎಲ್ಲರೂ ನಿಮ್ಮನ್ನು ಭಾರತ-ರೋಮ್ ವ್ಯಾಪಾರದ ಕಡೆ ತಳ್ಳುತ್ತಾರೆ. ವಿಷಯ ಭರ್ಜರಿಯಾದದ್ದೇ. ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಹೂತಿಟ್ಟ ಭಾರತದ ಜಾಡಿಯೊಳಗೆ ಏಳೂವರೆ ಕಿಲೋ ಕರಿಮೆಣಸು ಸಿಕ್ಕಿದೆ. ಕೇರಳದ ಮುಜಿರಿಸ್ ಬಂದರಿನ ಜೊತೆಗಿನ ವ್ಯಾಪಾರದ ಸಾಲದ ಕರಾರು ಗ್ರೀಕ್ ಪಪೈರಸ್ ಮೇಲೆ ಉಳಿದು ಈಗ ವಿಯೆನ್ನಾದಲ್ಲಿದೆ. ಇಷ್ಟ ಇದ್ದರೆ ಖಂಡಿತ ಹೋಗಿ, ಗ್ರೀಕ್ ಜೊತೆಗೆ ತಮಿಳು ಬ್ರಾಹ್ಮಿಯನ್ನೂ ಓದಬಲ್ಲವರಿಗೆ ಅಲ್ಲಿ ಬೆಲೆ ಇದೆ. ಆದರೆ ನಿಮ್ಮ ಮನಸ್ಸು ಇರುವುದು ಉತ್ತರ ಆಫ್ರಿಕಾದ ಎಣ್ಣೆಗಾಣಗಳ ಮೇಲಾದರೆ, ಪಾಸ್‌ಪೋರ್ಟ್ ನೋಡಿ ವಿಷಯ ಆರಿಸಬೇಕಾಗಿಲ್ಲ.

ಮಣ್ಣಿಗೆ ಇಳಿಯಿರಿ

ಇತಿಹಾಸ ವಿಭಾಗದವರಾದರೂ ಒಂದು ಬೇಸಿಗೆಯಾದರೂ ಅಗೆಯಿರಿ. ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರದ ವಿಂಡೊಲಾಂಡಾ ಕೋಟೆಯಲ್ಲಿ ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತಾರೆ, ಅನುಭವ ಬೇಡ, ಆದರೆ ಜಾಗ ಬೇಗ ತುಂಬುತ್ತದೆ. ಅಲ್ಲೇ 1973ರಲ್ಲಿ ಮಸಿಯಲ್ಲಿ ಬರೆದ ತೆಳ್ಳನೆಯ ಮರದ ಹಲಗೆಗಳು ಸಿಗಲು ಶುರುವಾದದ್ದು. ಒಂದರಲ್ಲಿ ಕ್ಲಾವ್ಡಿಯಾ ಸೆವೆರಾ ಎಂಬವಳು ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಅಮೆರಿಕದ ಆರ್ಕಿಯಲಾಜಿಕಲ್ ಇನ್‌ಸ್ಟಿಟ್ಯೂಟ್ ಬೇರೆ ಬೇರೆ ದೇಶಗಳ ಅಗೆತಗಳ ಪಟ್ಟಿ ಕೊಡುತ್ತದೆ. ಅಗೆಯುವುದನ್ನು ಕಲಿಸುವ ಫೀಲ್ಡ್ ಸ್ಕೂಲ್ ಅಂದರೆ ಸಾಮಾನ್ಯವಾಗಿ ನೀವೇ ಶುಲ್ಕ ಕಟ್ಟಬೇಕು, ಅದಕ್ಕೆ ಸಿಗುವ ಸ್ಕಾಲರ್‌ಶಿಪ್ ಬಗ್ಗೆ ಕೇಳಲು ನಾಚಿಕೆ ಬೇಡ.

ಅಲ್ಲಿ ಮೊದಲ ದಿನವೇ ಚಿನ್ನ ಸಿಗುತ್ತದೆ ಅಂದುಕೊಂಡು ಹೋಗಬೇಡಿ. ಗುದ್ದಲಿ, ಬಕೆಟ್, ಚಿಕ್ಕ ಕರಣೆ, ಮಂಡಿ ಕೆಳಗೆ ಒಂದು ಮೆತ್ತೆ. ಕರಣೆಯ ಅಂಚಿನಿಂದ ಮಣ್ಣನ್ನು ನಿಮ್ಮ ಕಡೆಗೆ ಕೆರೆಯುತ್ತಾ ಹೋಗುವಾಗ ಬಣ್ಣ ಸ್ವಲ್ಪ ಬದಲಾದರೂ ಕೈ ನಿಲ್ಲಬೇಕು. ಅಲ್ಲಿ ಒಂದು ಪದರ ಮುಗಿದು ಇನ್ನೊಂದು ಶುರು. ಪ್ರತಿ ಪದರಕ್ಕೂ ನಂಬರ್, ಪ್ರತಿ ನಂಬರ್‌ಗೂ ಒಂದು ಹಾಳೆ. ಯಾವುದು ಯಾವುದರ ಮೇಲೆ ಎಂಬುದನ್ನು ಚೌಕಗಳಲ್ಲಿ ಬರೆದು ಗೆರೆ ಎಳೆಯುವ ನಕ್ಷೆಗೆ ಹ್ಯಾರಿಸ್ ಮ್ಯಾಟ್ರಿಕ್ಸ್ ಅಂತಾರೆ, 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ರೂಪಿಸಿದ್ದು. ಅದನ್ನು ಸರಿಯಾಗಿ ಬಿಡಿಸಲು ಬಂದರೆ ಅರ್ಧ ಪುರಾತತ್ವ ಬಂದ ಹಾಗೆ.

ಮಧ್ಯಾಹ್ನ ಚೂರು ತೊಳೆಯುವ ಕೆಲಸ. ಬೇಸಿನ್ ನೀರು, ಹಲ್ಲುಜ್ಜುವ ಬ್ರಷ್. ನನ್ನ ಮೊದಲ ಅಗೆತದಲ್ಲಿ ಎರಡು ಪದರಗಳ ಚೂರುಗಳನ್ನು ಒಂದೇ ಜಾಲರಿಯ ಮೇಲೆ ಒಣಗಲು ಹಾಕಿದೆ, ಗಾಳಿಗೆ ಚೀಟಿ ಹಾರಿಹೋಯಿತು. ಅಷ್ಟೂ ಚೂರು ಆ ಕ್ಷಣದಿಂದ ಬರೀ ಹಂಚು. ಯಾವ ಪದರದ್ದು ಅಂತ ಗೊತ್ತಿಲ್ಲದ ಮೇಲೆ ಅವು ಏನನ್ನೂ ಹೇಳುವುದಿಲ್ಲ. ನಮ್ಮ ಮೇಲ್ವಿಚಾರಕಿ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಆವತ್ತಿನಿಂದ ಪ್ರತಿ ಚೀಲಕ್ಕೆ ಎರಡು ಚೀಟಿ, ಒಂದು ಒಳಗೆ, ಒಂದು ಹೊರಗೆ, ಎರಡೂ ಪೆನ್ಸಿಲ್‌ನಲ್ಲಿ.

ಚಿಕ್ಕ ಗೀಚೂ ದೊಡ್ಡದನ್ನು ಅಲ್ಲಾಡಿಸಬಹುದು. ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪೊಂಪೆಯಿ ನಗರ ಹೂತುಹೋದದ್ದು ಕ್ರಿ.ಶ. 79ರ ಆಗಸ್ಟ್ 24 ಅಂತ ಹೆಚ್ಚಿನ ಪುಸ್ತಕಗಳಲ್ಲಿ ಇತ್ತು. 2018ರಲ್ಲಿ ಪೊಂಪೆಯಿಯ ಒಂದು ಮನೆಯ ಗೋಡೆ ಮೇಲೆ ಇದ್ದಿಲಿನ ಬರಹ ಸಿಕ್ಕಿತು, ಅದರಲ್ಲಿ ತಾರೀಕು ಅಕ್ಟೋಬರ್ 17, ವರ್ಷ ಇಲ್ಲ. ಇದ್ದಿಲು ಬೇಗ ಅಳಿಸಿಹೋಗುವಂಥದ್ದು, ಹಾಗಾಗಿ ಅದು ಅದೇ ವರ್ಷದ್ದಾಗಿರಬೇಕು, ಜ್ವಾಲಾಮುಖಿ ಸಿಡಿದದ್ದು ಅದಾದ ಮೇಲೆ ಎಂಬುದು ವಾದ. ಯಾರೋ ಗೋಡೆಗೆ ಗೀಚಿದ್ದು!

ಕಂಪ್ಯೂಟರ್ ಬಗ್ಗೆ ಚಿಕ್ಕದಾಗಿ: ಲ್ಯಾಟಿನ್ ಶಾಸನಗಳ ಕ್ಲೌಸ್-ಸ್ಲಾಬಿ ಸಂಗ್ರಹ, ಸಾಮ್ರಾಜ್ಯದ ನಾಣ್ಯಗಳ ಸಂಗ್ರಹ, ಹಳೆಯ ಊರುಗಳ ಪ್ಲೇಯಡೀಸ್ ಸೂಚಿ, ನಕ್ಷೆ ಮಾಡುವ ಕ್ಯೂಜಿಐಎಸ್, ಎಲ್ಲವೂ ಉಚಿತ. ಇವತ್ತು ರಾತ್ರಿಯೇ ತೆರೆದು ಆಡಬಹುದು. ಅದೇ ಜ್ವಾಲಾಮುಖಿಗೆ ಸಿಕ್ಕ ಹರ್ಕ್ಯುಲೇನಿಯಮ್ ಊರಿನ ಸುಟ್ಟು ಕರಕಲಾದ ಸುರುಳಿಗಳನ್ನು ಬಿಚ್ಚದೆಯೇ ಸ್ಕ್ಯಾನ್ ಮಾಡಿ 2023ರಲ್ಲಿ ಒಳಗಿನ ಗ್ರೀಕ್ ಪದ ಓದಿದ್ದು ಕೋಡ್ ಬರೆಯುವ ವಿದ್ಯಾರ್ಥಿಗಳು. ಆದರೆ ಆ ಅಕ್ಷರಗಳಿಗೆ ಅರ್ಥ ಹೇಳಲು ಗ್ರೀಕ್ ಬಲ್ಲವರೇ ಬೇಕಾಯಿತು.

ಪಿಎಚ್‌ಡಿ, ದುಡ್ಡು, ಮತ್ತು ಒಂದು ಇಮೇಲ್

ಬ್ರಿಟನ್‌ನಲ್ಲಿ ಎಂ.ಎ. ಒಂದು ವರ್ಷ, ಪಿಎಚ್‌ಡಿ ಮೂರು-ನಾಲ್ಕು ವರ್ಷ, ಹೋಗುವಾಗಲೇ ವಿಷಯ ತಯಾರಿರಬೇಕು. ಅಮೆರಿಕದಲ್ಲಿ ಐದು ವರ್ಷ ಅಥವಾ ಹೆಚ್ಚು, ಮೊದಲ ವರ್ಷಗಳು ತರಗತಿ ಮತ್ತು ಭಾಷಾ ಪರೀಕ್ಷೆ, ಸಾಮಾನ್ಯವಾಗಿ ಶುಲ್ಕ ಮಾಫಿ ಮತ್ತು ಪಾಠ ಮಾಡಿದ್ದಕ್ಕೆ ಸಂಬಳ. ಭಾಷೆ ಕಮ್ಮಿ ಇರುವವರಿಗೆ ಅಲ್ಲಿ ಪದವಿಯ ನಂತರ ಬರೀ ಲ್ಯಾಟಿನ್-ಗ್ರೀಕ್ ಓದುವ ಕೋರ್ಸುಗಳೂ ಇವೆ. ಜರ್ಮನಿಗೆ ಹೋಗುವವರು ಡಿಎಎಡಿ ವಿದ್ಯಾರ್ಥಿವೇತನ ನೋಡಿ. ಇಟಲಿಯಲ್ಲಿ ಮೂರು ವರ್ಷ, ಪ್ರವೇಶಕ್ಕೆ ಸ್ಪರ್ಧೆ. ನನ್ನ ಮಾತು ಖಾರ ಅನಿಸಬಹುದು, ಆದರೂ ಹೇಳುತ್ತೇನೆ: ಸ್ವಂತ ಸಾಲ ಮಾಡಿ ಈ ವಿಷಯದಲ್ಲಿ ಪಿಎಚ್‌ಡಿ ಮಾಡಬೇಡಿ. ಹಣ ಸಿಗದಿದ್ದರೆ ಒಂದು ವರ್ಷ ತಡೆದು ಗ್ರೀಕ್ ಗಟ್ಟಿ ಮಾಡಿಕೊಂಡು ಮತ್ತೆ ಅರ್ಜಿ ಹಾಕಿ.

ಪಿಎಚ್‌ಡಿ ನಡುವೆ ರೋಮ್‌ನಲ್ಲಿ ಕೆಲವು ತಿಂಗಳು ಇರಲು ದಾರಿ ಮಾಡಿಕೊಳ್ಳಿ. 1901ರಲ್ಲಿ ಶುರುವಾದ ಬ್ರಿಟಿಷ್ ಸ್ಕೂಲ್ (ಹೆಸರು ಸ್ಕೂಲ್, ಇರುವುದು ಸಂಶೋಧನೆಗೆ), ಫ್ರೆಂಚರ ಸ್ಕೂಲ್, ಜರ್ಮನ್ ಪುರಾತತ್ವ ಸಂಸ್ಥೆ, ಅಮೆರಿಕನ್ ಅಕಾಡೆಮಿ, ಎಲ್ಲಕ್ಕೂ ಅಲ್ಲಿ ಗ್ರಂಥಾಲಯವಿದೆ. ಆದರೆ ಅಸಲಿ ಕೆಲಸ ಆಗುವುದು ಊಟದ ಮೇಜಿನಲ್ಲಿ. ಎದುರಿಗೆ ಕೂತವರು ನಾಳೆ ಯಾವುದೋ ಉಗ್ರಾಣ ನೋಡಲು ಹೋಗುತ್ತಿರುತ್ತಾರೆ, ಬರ್ತೀರಾ ಅಂತಾರೆ. ಹೋಗಿ. ಮೊದಲ ಪ್ರಬಂಧ ಓದಲು ರೋಮನ್ ಪುರಾತತ್ವದ ಸಿದ್ಧಾಂತಗಳ ಬಗ್ಗೆ ನಡೆಯುವ ಟ್ರಾಕ್ ಸಮ್ಮೇಳನ ಒಳ್ಳೆಯದು, 1991ರಿಂದ ನಡೆಯುತ್ತಿದೆ, ವಿದ್ಯಾರ್ಥಿಗಳೇ ಜಾಸ್ತಿ.

ಮಾರ್ಗದರ್ಶಕರನ್ನು ವಿಶ್ವವಿದ್ಯಾಲಯದ ಹೆಸರು ನೋಡಿ ಆರಿಸಬೇಡಿ. ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಎಷ್ಟು ವರ್ಷಕ್ಕೆ ಮುಗಿಸಿದರು ಅಂತ ಹುಡುಕಿ, ಅವರಲ್ಲಿ ಒಬ್ಬರಿಗೆ ಬರೆದು ಕೇಳಿ. ಅಗೆತದ ಸಾಮಗ್ರಿ ಮೇಲೆ ಕೆಲಸ ಮಾಡುವುದಾದರೆ ಇನ್ನೊಂದು ಮುಖ್ಯ ಪ್ರಶ್ನೆ: ಆ ಚೂರುಗಳನ್ನು ಪ್ರಕಟಿಸುವ ಅನುಮತಿ ಯಾರ ಕೈಯಲ್ಲಿದೆ? ಇದನ್ನು ಬರಹದಲ್ಲಿ ಪಡೆಯದೆ ಮೂರು ವರ್ಷ ದುಡಿದು ಕೊನೆಗೆ ಪ್ರಕಟಿಸಲಾಗದೆ ಕೂತವರನ್ನು ನೋಡಿದ್ದೇನೆ.

ಮೊದಲ ಇಮೇಲ್ ಹೀಗಿರಲಿ. "ನನಗೆ ಚಿಕ್ಕಂದಿನಿಂದ ರೋಮ್ ಅಂದರೆ ಹುಚ್ಚು" ಅಂತ ಶುರು ಮಾಡಬೇಡಿ, ಅವರು ಅದನ್ನು ವಾರಕ್ಕೆ ನಾಲ್ಕು ಸಲ ಓದುತ್ತಾರೆ. ಅವರ ಒಂದು ಲೇಖನ ಓದಿ, ಅದರಲ್ಲಿ ನಿಮಗೆ ಹುಟ್ಟಿದ ಒಂದು ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆಯಿರಿ. ಯಾವ ಭಾಷೆ ಎಷ್ಟು ಬರುತ್ತದೆ, ಯಾವ ಸಾಮಗ್ರಿ ಮೇಲೆ ಕೆಲಸ ಮಾಡಬೇಕು ಅಂತಿದ್ದೀರಿ, ಎಲ್ಲಿ ಅಗೆದಿದ್ದೀರಿ ಅಂತ ಮೂರು ಸಾಲು. ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಅಂತ ಒಂದು ಸಾಲು. ಇಷ್ಟೇ, ಅಟ್ಯಾಚ್‌ಮೆಂಟ್ ಒಂದಕ್ಕಿಂತ ಹೆಚ್ಚು ಬೇಡ. ಸೆಪ್ಟೆಂಬರ್ ಸುಮಾರಿಗೆ ಕಳಿಸಿ, ಯಾಕೆಂದರೆ ಬೇಸಿಗೆಯಲ್ಲಿ ಅವರೂ ಎಲ್ಲೋ ಮಣ್ಣು ಕೆರೆಯುತ್ತಿರುತ್ತಾರೆ, ಡಿಸೆಂಬರ್ ಬಂದರೆ ಅನೇಕ ಕಡೆ ಅರ್ಜಿಯ ಗಡುವೇ ಮುಗಿಯುತ್ತದೆ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಆಮೇಲೂ ಬರದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಬರೆಯಿರಿ, ಆದರೆ ಹಳೆಯ ಇಮೇಲನ್ನೇ ಕಾಪಿ ಮಾಡಿದರೆ ಮೇಲಿನ ಹೆಸರು ಬದಲಾಯಿಸಲು ಮರೆಯಬೇಡಿ. ನಾನು ಒಮ್ಮೆ ಮರೆತಿದ್ದೆ.